ಬಾಗಿಲು ತೆರೆದಿದೆ

ಆ ಊರಿಗೆ ಹೋಗುವ ದಾರಿಯನ್ನು ನನ್ನ ಹತ್ತಿರ ಕೇಳಬೇಡಿ. ಕೇಳಿಕೊಂಡು ಹೊರಟವರೆಲ್ಲ ದಾರಿ ತಪ್ಪಿದ್ದಾರೆ, ಕೇಳದೆ ಹೊರಟವರು ನೆಟ್ಟಗೆ ಅಲ್ಲಿಗೇ ಹೋಗಿ ಕೂತಿದ್ದಾರೆ. ಸುತ್ತ ಗೋಡೆ. ಹೋಗಿ ಬರಲು ಗೋಡೆಗೆ ಒಂದೇ ಒಂದು ದಿಡ್ಡಿ. ನಡುವೆ ಚೌಕ, ಚೌಕದ ನಡುವೆ ಕಲ್ಲುಕಟ್ಟೆ, ಕಟ್ಟೆಯ ಮೇಲೆ ಆಳುದ್ದದ ಒಂದು ಕಬ್ಬಿಣದ ಪೆಟ್ಟಿಗೆ. ಪೆಟ್ಟಿಗೆಯ ಎದೆಗೆ ಗಾಜು, ಗಾಜಿನ ಹಿಂದೆ ಚಿತ್ರ ಬರೆದ ಮೂರು ಚಕ್ರ, ಬಲಗಡೆ ಎಳೆಯುವ ಹಿಡಿಕೆ, ಕತ್ತಿನ ಹತ್ತಿರ ಬಿಲ್ಲೆ ಹಾಕುವ ಸೀಳು. ಬೇರೆ ಊರುಗಳಲ್ಲಿ ಇಂಥದ್ದಕ್ಕೆ ಜೂಜಿನ ಪೆಟ್ಟಿಗೆ ಅಂತಾರಂತೆ, ಕುಡಿದವರು ಅದರ ಮುಂದೆ ಕೂತು ಮನೆಮಠ ಕಳೆದುಕೊಳ್ಳುತ್ತಾರಂತೆ. ಈ ಊರಿನವರ ಮುಂದೆ ಹಾಗಂದು ನೋಡಿ, ನಿಮ್ಮ ಹಲ್ಲು ನಿಮ್ಮ ಕೈಗೆ ಬರುತ್ತದೆ. ಇಲ್ಲಿ ಅದಕ್ಕೆ ನ್ಯಾಯ ಅನ್ನುತ್ತಾರೆ.

ಯಾಕೆಂದರೆ ಈ ಊರಲ್ಲಿ ಯಾರ ಮೇಲಾದರೂ ಅನುಮಾನ ಬಂದರೆ ಸಾಕ್ಷಿ ಕೇಳುವುದಿಲ್ಲ, ಪುರಾವೆ ಕೇಳುವುದಿಲ್ಲ. ಅನುಮಾನ ಹೊತ್ತವರು ಕಟ್ಟೆ ಹತ್ತಬೇಕು. ಹುಟ್ಟಿದಾಗ ಕೊರಳಿಗೆ ಕಟ್ಟಿದ ತಮ್ಮ ಹಿತ್ತಾಳೆ ಬಿಲ್ಲೆಯನ್ನು ಬಿಚ್ಚಿ ಸೀಳಿಗೆ ಹಾಕಬೇಕು, ಹಿಡಿಕೆ ಎಳೆಯಬೇಕು. ಚಕ್ರಗಳು ತಿರುಗಿ ನಿಲ್ಲುತ್ತವೆ. ದೀಪ ಬರಲಿ, ಮೀನು ಬರಲಿ, ತೆನೆ ಬರಲಿ, ಚಂದ್ರ ಬರಲಿ, ಬಿಲ್ಲೆ ಖಣ್ಣೆಂದು ಕೆಳಗಿನ ತಟ್ಟೆಗೆ ವಾಪಸು ಬೀಳುತ್ತದೆ. ಅವರು ಮನೆಗೆ ಹೋಗಿ ಒಲೆ ಹಚ್ಚಬಹುದು. ಮೂರು ಕಾಗೆ ಸಾಲಾಗಿ ಬಂದರೆ ಮಾತ್ರ ಬಿಲ್ಲೆ ಬರುವುದಿಲ್ಲ. ಬಿಲ್ಲೆ ಬಾರದವರು ಉಟ್ಟ ಬಟ್ಟೆಯಲ್ಲೇ ದಿಡ್ಡಿ ದಾಟಬೇಕು. ದಾಟಿದವರು ತಿರುಗಿ ಬಂದದ್ದಿಲ್ಲ.

ಇಂಥ ಊರಲ್ಲಿ ಅನುಮಾನಕ್ಕೆ ಏನು ಕೊರತೆ ಹೇಳಿ. ಸಾರಿಗೆ ಉಪ್ಪು ಹೆಚ್ಚಾದರೆ ಅನುಮಾನ, ಕಡಿಮೆಯಾದರೆ ಅನುಮಾನ. ನಕ್ಕರೆ ಯಾಕೆ ನಕ್ಕ, ನಗದಿದ್ದರೆ ಇವನಿಗೇನಾಗಿದೆ ರೋಗ. ಗಂಡ ಹೆಂಡತಿ ಒಂದೇ ಚಾಪೆಯ ಮೇಲೆ ಮಲಗಿ, ಇಬ್ಬರೂ ಗೊರಕೆ ಹೊಡೆದಂತೆ ಮಾಡಿ, ಇಬ್ಬರೂ ಎಚ್ಚರವಾಗಿರುತ್ತಿದ್ದರು.

ಇನ್ನೊಂದು ಕಟ್ಟಳೆಯಿತ್ತು. ಪೆಟ್ಟಿಗೆಯ ಮೈಗೊಂದು ಬಾಗಿಲು, ಆ ಬಾಗಿಲಿಗೆ ಬೀಗ. ಚಕ್ರಗಳಿಗೆ ಎಣ್ಣೆ ಹಾಕಲು ಬಾಗಿಲು ತೆರೆದಾಗ ಊರಿಗೂರೇ ಅದಕ್ಕೆ ಬೆನ್ನು ಮಾಡಿ ನಿಲ್ಲಬೇಕು. ನ್ಯಾಯದ ಹೊಟ್ಟೆಯೊಳಗೆ ಇಣುಕಬಾರದು. ಎಣ್ಣೆ ಹಾಕುವವಳೂ ಕಣ್ಣು ಮುಚ್ಚಿಕೊಂಡು ಕೈಯಂದಾಜಿನಲ್ಲೇ ಹಾಕಬೇಕು. ಅವಳು ‘ಬಾಗಿಲು ಮುಚ್ಚಿತು’ ಅಂತ ಕೂಗಿದ ಮೇಲೆಯೇ ಊರು ಈ ಕಡೆ ತಿರುಗುವುದು. ದಿಡ್ಡಿ ದಾಟುವವರಿಗೂ ಇದೇ ಮರ್ಯಾದೆ. ಅವರು ಹೋಗುವಾಗ ಎಲ್ಲರದೂ ಬೆನ್ನು.

ಎಣ್ಣೆ ಹಾಕುವವಳಿಗೆ ಕೀಲಿಯವಳು ಅನ್ನುತ್ತಿದ್ದರು. ಅವಳ ಅವ್ವನೂ ಕೀಲಿಯವಳೇ. ಒಂದು ದಿನ ಎಣ್ಣೆ ಹಾಕಿ ಬಾಗಿಲು ಮುಚ್ಚಿದ ಮೇಲೆ ಅವ್ವ ಕಟ್ಟೆ ಇಳಿಯದೆ, ಪೆಟ್ಟಿಗೆಯನ್ನೇ ನೋಡುತ್ತಾ ಏನೋ ಯೋಚನೆ ಮಾಡುತ್ತಾ ನಿಂತಿದ್ದಳು. ಅಷ್ಟೇ ಅವಳು ಮಾಡಿದ ತಪ್ಪು. ಕೀಲಿಯವಳಿಗೆ ಯೋಚನೆ ಯಾಕೆ ಅಂತ ಯಾರೋ ಅಂದರು. ಅವ್ವ ಬಿಲ್ಲೆ ಹಾಕಿ ಹಿಡಿಕೆ ಎಳೆದಳು. ಕಾಗೆ, ಕಾಗೆ, ಕಾಗೆ.

ಮಗಳಿಗೆ ಆಗ ಹಾಲುಹಲ್ಲು ಬೀಳುವ ವಯಸ್ಸು. ಪಕ್ಕದ ಮನೆಯ ಕುಂಬಾರಗಿತ್ತಿಯ ಸೆರಗು ಹಿಡಿದು, ಎಲ್ಲರ ಹಾಗೆ ದಿಡ್ಡಿಗೆ ಬೆನ್ನು ಮಾಡಿ ನಿಂತಿದ್ದಳು. ಹಿಂದಿನಿಂದ ಅವ್ವ ಕೂಗಿದಳು: "ಮಗಾ, ಒಂದ್ಸಲ ತಿರುಗಿ ನೋಡೇ." ಕುಂಬಾರಗಿತ್ತಿಯ ಮಣ್ಣುಗೈ ಅವಳ ತಲೆಯನ್ನು ಗಟ್ಟಿಯಾಗಿ ಹಿಡಿದಿತ್ತು. ಅವಳು ತಿರುಗಲಿಲ್ಲ. ಆಮೇಲೆ ಅದೇ ಮಣ್ಣುಗೈ ಅವಳಿಗೆ ಉಣ್ಣಿಸಿತು, ತಲೆ ಬಾಚಿತು, ದೊಡ್ಡವಳನ್ನಾಗಿ ಮಾಡಿತು, ಅದನ್ನು ಅಲ್ಲಗಳೆಯುವಂತಿಲ್ಲ. ಮಗಳು ಕುಂಬಾರಗಿತ್ತಿಯನ್ನು ದೊಡ್ಡಮ್ಮ ಅಂತಲೇ ಕರೆದಳು. ಅವ್ವನ ಮಾತು ಬಂದಾಗಲೆಲ್ಲ ಅವಳು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು, ಏನೋ ಮಾಡಿರಬೇಕು, ಇಲ್ಲದಿದ್ದರೆ ಕಾಗೆ ಯಾಕೆ ಬರುತ್ತಿತ್ತು ಅಂತ. ಹಾಗಂದುಕೊಂಡರೇ ನಿದ್ದೆ ಬರುತ್ತಿತ್ತು.

ಹೀಗಿರುವಾಗ ಒಂದು ಬೆಳಗ್ಗೆ ಪೆಟ್ಟಿಗೆಗೆ ಮರೆವು ಬಂತು.

ಚಕ್ರಗಳ ಕೆಳಗೆ ಒಂದು ಸಣ್ಣ ಗಾಜಿನ ಪಟ್ಟಿಯಿತ್ತು. ಅದರಲ್ಲಿ ಏನಾದರೂ ಕಂಡ ನೆನಪು ಊರಲ್ಲಿ ಯಾರಿಗೂ ಇರಲಿಲ್ಲ. ಅವತ್ತು ಕೆಂಪು ಅಕ್ಷರಗಳು ಹತ್ತಿಕೊಂಡಿದ್ದವು: ನೆನಪು ಅಳಿಸಿದೆ. ಅದು ಆರಿ ಇನ್ನೊಂದು: ಬಾಗಿಲು ತೆರೆದಿದೆ. ಬಾಗಿಲಿಗೆ ಬೀಗ ಹಾಕಿಯೇ ಇತ್ತು. ಡಂಗುರದವನು ಬೀದಿ ಬೀದಿ ಸುತ್ತಿದ. ಎಲ್ಲರೂ ಚೌಕಕ್ಕೆ ಬಂದರು, ಬಂದವರು ಪೆಟ್ಟಿಗೆಯನ್ನು ನೋಡುವ ಬದಲು ಒಬ್ಬರನ್ನೊಬ್ಬರು ನೋಡಿದರು. ಕೊನೆಗೆ ಎಲ್ಲರ ಕಣ್ಣೂ ಕೀಲಿಯವಳ ಸೊಂಟಕ್ಕೆ ಬಂದು ನಿಂತವು. ಕೀಲಿ ಅಲ್ಲಿ ತೂಗುತ್ತಿತ್ತು.

ಯಜಮಾನ ಕಟ್ಟೆಯ ಮೇಲಿದ್ದ. ಅವನ ಅಪ್ಪನೂ ಯಜಮಾನ, ಅಜ್ಜನೂ ಯಜಮಾನ. ಮೆತ್ತಗೆ ಮಾತಾಡುವ ಮನುಷ್ಯ. ಅವನು ಮೆತ್ತಗಾದಷ್ಟೂ ಊರಿಗೆ ಎದೆ ಡವಡವ.

"ಏನಮ್ಮಾ ಇದು?" ಅಂದ.

"ನನಗೇನು ಗೊತ್ತು ಯಜಮಾನ್ರೆ. ಬೀಗ ಹಾಕಿದ್ದು ಹಾಕಿದ ಹಾಗೇ ಇದೆ."

"ನಿನಗೆ ಗೊತ್ತಿಲ್ಲದೆ ಇನ್ನಾರಿಗೆ ಗೊತ್ತಿರುತ್ತೆ? ಕೀಲಿ ಯಾರ ಹತ್ತಿರ ಇದೆ?"

ಅಷ್ಟರಲ್ಲಿ ಗುಂಪಿನಿಂದ ಒಂದು ದನಿ ಬಂತು. ತಗ್ಗಿದ ದನಿ, ನಡುಗುವ ದನಿ. "ನೆನ್ನೆ ಸಂಜೆ ಅವಳು ಪೆಟ್ಟಿಗೆ ಹತ್ತಿರ ನಿಂತಿದ್ದಳು. ತುಟಿ ಅಲ್ಲಾಡ್ತಿತ್ತು. ನಾನು ಕಂಡೆ."

ಹೇಳಿದವಳು ಕುಂಬಾರಗಿತ್ತಿ.  ಸಂಜೆ ಕೀಲಿಯವಳು ಗಾಜು ಒರೆಸುತ್ತಿದ್ದದ್ದು ನಿಜ. ಒರೆಸುವಾಗ ಹಾಡು ಗುನುಗುತ್ತಿದ್ದದ್ದೂ ನಿಜ. ಆ ಹಾಡು ಕಲಿಸಿದವಳೇ ಕುಂಬಾರಗಿತ್ತಿ. ಅವಳು ದೊಡ್ಡಮ್ಮನ ಕಡೆ ನೋಡಿದಳು. ದೊಡ್ಡಮ್ಮ ಕಾಲ ಹೆಬ್ಬೆರಳಿನಿಂದ ಮಣ್ಣು ಕೆರೆಯುತ್ತಾ ನಿಂತಿದ್ದಳು, ತಲೆ ಎತ್ತಲಿಲ್ಲ.

"ಸರಿ," ಅಂದ ಯಜಮಾನ, "ಅನುಮಾನ ಬಂದಾಯ್ತು. ಹಿಡಿಕೆ ಎಳೆಯಬೇಕು. ಆದರೆ ಪೆಟ್ಟಿಗೆ ಕೆಟ್ಟಿದೆ. ಆದ್ದರಿಂದ ಮೊದಲು ಅದನ್ನು ಸರಿಮಾಡು. ಸರಿಮಾಡಿದ ಮೇಲೆ ಎಳಿ."

ನೋಡಿ ನ್ಯಾಯ ಹೇಗಿದೆ. ತನ್ನ ಕುತ್ತಿಗೆಯ ಕುಣಿಕೆಗೆ ತಾನೇ ಎಣ್ಣೆ ಹಚ್ಚಬೇಕು. ಕೀಲಿಯವಳಿಗೆ ಸಿಟ್ಟು ಬರಲಿಲ್ಲ, ಭಯ ಬಂತು. "ಸರಿಮಾಡಬೇಕಾದರೆ ಕಣ್ಣು ಬಿಡಬೇಕಾಗುತ್ತೆ, ಯಜಮಾನ್ರೆ," ಅಂದಳು.

 ಪೆಟ್ಟಿಗೆಯಿಲ್ಲದ ಊರಲ್ಲಿ ಯಜಮಾನನಿಗೆ ಏನು ಕೆಲಸ? "ಬಿಡು," ಅಂದ. "ಮಿಕ್ಕವರೆಲ್ಲ ತಿರುಗಿ."

ಊರು ತಿರುಗಿತು. ಯಜಮಾನನೂ ಅವಳ ಪಕ್ಕದಲ್ಲೇ, ಕಟ್ಟೆಯ ಅಂಚಿಗೆ, ಪೆಟ್ಟಿಗೆಗೆ ಬೆನ್ನು ಮಾಡಿ ನಿಂತ. ಬಿಸಿಲು ಏರುತ್ತಿತ್ತು. ಎಲ್ಲಿ ನೋಡಿದರೂ ಬೆನ್ನು. ಕೀಲಿಯವಳಿಗೆ ಅವ್ವ ಚಿಕ್ಕಂದಿನಲ್ಲಿ ಹೇಳಿಕೊಟ್ಟದ್ದು ನೆನಪಾಯಿತು: ಅದಕ್ಕೆ ಮರೆವು ಬಂದರೆ ಮೊದಲು ಬಾಗಿಲು, ಆಮೇಲೆ ಚಕ್ರ, ಆಮೇಲೆ ಹೊಟ್ಟೆ. ಆತುರ ಮಾಡಬೇಡ ಮಗಾ, ಅದಕ್ಕೂ ನಮ್ಮ ಹಾಗೇ, ಒಂದೊಂದೇ ನೆನಪಾಗಬೇಕು.

ಮೊದಲು ಬಾಗಿಲು.

ಬೀಗ ತೆಗೆದಳು, ಬಾಗಿಲು ತೆರೆದಳು, ಹುಟ್ಟಿದಾಗಿನಿಂದ ಮೊದಲ ಸಲ ಕಣ್ಣು ಬಿಟ್ಟು ಒಳಗೆ ನೋಡಿದಳು. ಒಳಗೆ ದೇವರಿರಲಿಲ್ಲ, ದೆವ್ವವೂ ಇರಲಿಲ್ಲ. ತಂತಿಗಳಿದ್ದವು, ಜಿಡ್ಡಿತ್ತು, ಒಂದು ಜಿರಲೆ ಓಡಿತು. ಬಾಗಿಲ ಚೌಕಟ್ಟಿನಲ್ಲಿ ಬೆರಳ ತುದಿಯಷ್ಟು ದೊಡ್ಡ ಗುಂಡಿಯೊಂದಿತ್ತು. ಬಾಗಿಲು ಮುಚ್ಚಿದಾಗ ಅದು ಒತ್ತಿಕೊಳ್ಳಬೇಕು. ಒತ್ತಿಕೊಂಡರೆ ಬಾಗಿಲು ಮುಚ್ಚಿದೆ ಅಂತ ಪೆಟ್ಟಿಗೆಗೆ ಗೊತ್ತಾಗುತ್ತದೆ. ಊರಿನವರು ಕಾಗೆ ಬಾರದಿರಲಿ ಅಂತ ಹರಕೆ ಹೊತ್ತು ಬಾಗಿಲ ಸಂದಿಗೆ ತುರುಕಿದ ದಾರ, ಅರಿಶಿನ, ಕೂದಲ ಎಳೆ ಎಲ್ಲ ಸೇರಿ ಗುಂಡಿಯ ಸುತ್ತ ಗಟ್ಟಿಕಟ್ಟಿತ್ತು. ಅವಳು ಅದನ್ನು ಉಗುರಿನಿಂದ ಕೆರೆದು ತೆಗೆದಳು.

ಗುಂಡಿಯ ಪಕ್ಕದಲ್ಲಿ ಬಟ್ಟಲಡಿಕೆಯಷ್ಟು ದೊಡ್ಡ ಸೆಲ್ಲು. ಹಸಿರು ಕಿಲುಬು ಹಿಡಿದು, ಊದಿಕೊಂಡು ಸತ್ತಿತ್ತು. ಅವಳು ಗಟ್ಟಿಯಾಗಿ ಹೇಳಿದಳು: "ಯಜಮಾನ್ರೆ, ಇದರ ಸೆಲ್ಲು ಸತ್ತಿದೆ. ಇದರ ಬಲದ ಮೇಲೆ ನೆನಪು ನಿಂತಿತ್ತು. ಯಾರೂ ಏನೂ ಮಾಡಿಲ್ಲ. ಹಳತಾಗಿ ಸತ್ತಿದೆ ಅಷ್ಟೇ."

ಬೆನ್ನುಗಳು ಗುಸುಗುಸು ಅಂದವು. "ಸುಮ್ಮಸುಮ್ಮನೆ ಸಾಯುತ್ತಾ?" ಅಂದಿತು ಒಂದು ಬೆನ್ನು. "ಸಾಯೋಕೂ ಯಾರಾದರೂ ಕಾರಣ ಇರಬೇಕಲ್ಲ," ಅಂದಿತು ಇನ್ನೊಂದು.

"ಕೆಲಸ ನೋಡು," ಅಂದ ಯಜಮಾನ.

ಬಾಗಿಲ ಒಳಮೈಗೆ ಮೇಣದ ಕಾಗದದ ಒಂದು ಪೊಟ್ಟಣ ಅಂಟಿಸಿತ್ತು. ಬಿಡಿಸಿದಳು. ಒಳಗೆ ಹೊಸ ಸೆಲ್ಲು, ಜೋಪಾನವಾಗಿ ಹತ್ತಿಯಲ್ಲಿ ಸುತ್ತಿಟ್ಟಿದ್ದು. ಅಂಟಿಸಿದ ರೀತಿ ಅವಳಿಗೆ ಗುರುತು ಸಿಕ್ಕಿತು. ಮನೆಯಲ್ಲಿ ಕುಂಕುಮದ ಪೊಟ್ಟಣವನ್ನು ಅವ್ವ ಹೀಗೇ ನಾಲ್ಕು ಮೂಲೆ ಒಳಗೆ ಮಡಚಿ ಇಡುತ್ತಿದ್ದಳು. ಪೆಟ್ಟಿಗೆಗೆ ಕೇಡು ಬಗೆದವಳು ಅಂತ ಊರು ಓಡಿಸಿದ ಹೆಂಗಸು, ಅದಕ್ಕೆ ಮುಂದೆ ಯಾವತ್ತಾದರೂ ಬೇಕಾದೀತು ಅಂತ ಇದನ್ನು ಎತ್ತಿಟ್ಟಿದ್ದಳು. ಕೀಲಿಯವಳು ಪೊಟ್ಟಣದ ಕಾಗದವನ್ನು ಮತ್ತೆ ಹಾಗೇ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಹಳೆಯದನ್ನು ತೆಗೆದು ಹೊಸದನ್ನು ಕೂರಿಸಿ, ಗುಂಡಿಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದಳು. ಮೊದಲ ಅಕ್ಷರಗಳು ಆರಿದವು. ಹೊಸವು ಹತ್ತಿಕೊಂಡವು: ಚಕ್ರಗಳು ತಮ್ಮ ಜಾಗದಲ್ಲಿಲ್ಲ.

ಆಮೇಲೆ ಚಕ್ರ.

ಒಂದು ಕೈ ಗುಂಡಿಯ ಮೇಲೆ, ಇನ್ನೊಂದು ಕೈಯಿಂದ ಚಕ್ರ ತಿರುಗಿಸಬೇಕು. ಒಂದೊಂದನ್ನೂ ನಿಧಾನವಾಗಿ, ಟಿಕ್ ಅಂತ ಅದರ ಕಚ್ಚಿಗೆ ಕೂರುವ ತನಕ. ಚಿತ್ರಗಳು ತಗಡಿನ ಮೇಲೆ ಉಬ್ಬಾಗಿದ್ದವು, ಬೆರಳಿಗೆ ಸಿಗುತ್ತಿದ್ದವು. ದೀಪ, ಮೀನು, ತೆನೆ, ಚಂದ್ರ, ಮತ್ತೆ ದೀಪ, ಮತ್ತೆ ಮೀನು. ಕೈಬೆರಳು ಕಾಲ್ಬೆರಳು ಸಾಲದಷ್ಟು ಚಿತ್ರಗಳು. ಕಾಗೆ ಒಂದೇ ಒಂದು. ಎರಡನೆಯ ಚಕ್ರದಲ್ಲೂ ಒಂದೇ ಒಂದು. ಮೂರನೆಯದರಲ್ಲೂ.

ಅವಳ ಕೈ ನಿಂತಿತು. ಅಷ್ಟೊಂದು ಚಿತ್ರಗಳ ನಡುವೆ ಮೂರು ಚಕ್ರದ ಮೂರು ಒಂಟಿ ಕಾಗೆಗಳು ಒಂದೇ ಸಾಲಿಗೆ ಬರಬೇಕಾದರೆ ಜನ್ಮಕ್ಕೊಮ್ಮೆಯೂ ಕಷ್ಟ. ಆದರೆ ಈ ಊರಲ್ಲಿ ಕಾಗೆ ಬಾರದ ತಿಂಗಳಿತ್ತೇ?  ಅವ್ವನ ಬೆರಳಿಗೂ ಇದೇ ಸಿಕ್ಕಿರಬೇಕು, ಕಣ್ಣು ಮುಚ್ಚಿ ಎಣ್ಣೆ ಹಾಕುವಾಗ. ಅವತ್ತು ಕಟ್ಟೆ ಇಳಿಯದೆ ಅವಳು ಯೋಚಿಸುತ್ತಾ ನಿಂತದ್ದು ಇದನ್ನೇ.

"ಏನು ತಡ?" ಅಂದ ಯಜಮಾನ, ತಿರುಗದೆ.

"ಏನಿಲ್ಲ," ಅಂದಳು. ಅವಳಿಗೂ ಈಗ ಅನುಮಾನ ಬಂದಿತ್ತು. ಆದರೆ ಯಾರ ಮೇಲೆ ಅಂತ ಇನ್ನೂ ಗೊತ್ತಿರಲಿಲ್ಲ. ಮೂರನೆಯ ಚಕ್ರ ಟಿಕ್ ಅಂತ ಕೂತಿತು. ಅಕ್ಷರಗಳು ಬದಲಾದವು: ಹೊಟ್ಟೆ ಖಾಲಿ.

ಆಮೇಲೆ ಹೊಟ್ಟೆ.

ಚಕ್ರಗಳ ಕೆಳಗಿನ ಅರೆಯೇ ಹೊಟ್ಟೆ, ಅದಕ್ಕೆ ತಗಡಿನ ಮುಚ್ಚಳ. ಎತ್ತಿದಳು. ಖಾಲಿಯಂತೆ, ಎಲ್ಲಿ ಖಾಲಿ! ಅಂಚಿನ ತನಕ ತುಂಬಿತ್ತು. ಹಿತ್ತಾಳೆ ಬಿಲ್ಲೆಗಳು. ದಿಡ್ಡಿ ದಾಟಿದವರ ಬಿಲ್ಲೆಗಳು ಒಂದರ ಮೇಲೊಂದು ಬಿದ್ದಿದ್ದವು. ಅವುಗಳನ್ನು ನುಂಗಿದ್ದು ಪೆಟ್ಟಿಗೆಗೆ ಮರೆತೇ ಹೋಗಿತ್ತು. ಮರೆತದ್ದನ್ನು ನೆನಪಿಸಬೇಕಾದರೆ ಒಂದೊಂದನ್ನೇ ಎತ್ತಿ ಮತ್ತೆ ಸೀಳಿಗೆ ಹಾಕಬೇಕು, ಬೇರೆ ದಾರಿಯಿಲ್ಲ. ಎಲ್ಲವನ್ನೂ ಬಾಚಿ ಕಟ್ಟೆಯ ಮೇಲೆ ಸುರಿದುಕೊಂಡಳು. ಪ್ರತಿ ಬಿಲ್ಲೆಯ ಮೇಲೂ ಅದರ ಒಡೆಯನ ಗುರುತು ಕೊರೆದಿತ್ತು. ಸುಮ್ಮನೆ ಹಾಕಬಹುದಿತ್ತು. ಆದರೆ ಬಾಯಿ ತಡೆಯಲಿಲ್ಲ, ಗುರುತನ್ನು ಗಟ್ಟಿಯಾಗಿ ಓದಿ ಓದಿ ಹಾಕಿದಳು.

"ಬಾಚಣಿಗೆ." ಖಣ್.

"ಸುತ್ತಿಗೆ." ಖಣ್.

"ಮಲ್ಲಿಗೆ ಮೊಗ್ಗು." ಖಣ್.

ಮಲ್ಲಿಗೆ ಮೊಗ್ಗು ಅಂದಾಗ ಎಲ್ಲೋ ಒಂದು ಬೆನ್ನು ಕುಗ್ಗಿತು. "ನನ್ನ ತಂಗಿ," ಅಂದಿತು. "ಗಿಳಿ" ಅಂದಾಗ ಒಬ್ಬ ಮುದುಕ ಬಾಯಿಗೆ ಟವೆಲು ಒತ್ತಿಕೊಂಡ. "ಒನಕೆ. ಏಣಿ. ಎರಡು ಮಾವಿನಕಾಯಿ." ಖಣ್, ಖಣ್, ಖಣ್. ಚೌಕದಲ್ಲಿ ಬಿಕ್ಕುವ ಸದ್ದು ಅಲ್ಲಲ್ಲಿ ಎದ್ದಿತು. ಆದರೆ ಯಾರೂ ತಿರುಗಲಿಲ್ಲ. ಅತ್ತವರೂ ಪಕ್ಕದವರು ನೋಡುತ್ತಿದ್ದಾರಾ ಅಂತ ಓರೆಗಣ್ಣಲ್ಲಿ ನೋಡಿಕೊಂಡೇ ಅತ್ತರು.

ರಾಶಿ ಮುಗಿಯುತ್ತಾ ಬಂದಾಗ ಅವಳ ಕೈಗೆ ಒಂದು ಬಿಲ್ಲೆ ಬಂತು. ಅದರ ಮೇಲೆ ಕೀಲಿ, ಕೀಲಿಯ ತಲೆಗೆ ಒಂದು ಚುಕ್ಕೆ. ಮಗುವಾಗಿದ್ದಾಗ ಅವ್ವನ ತೊಡೆಯ ಮೇಲೆ ಕೂತು ಅವಳು ಚೀಪುತ್ತಿದ್ದ ಬಿಲ್ಲೆ. ಅವಳು ಅದನ್ನು ಓದಲಿಲ್ಲ, ಸೀಳಿಗೂ ಹಾಕಲಿಲ್ಲ, ಸೆರಗಿಗೆ ಗಂಟು ಹಾಕಿಕೊಂಡಳು. ಉಳಿದವನ್ನು ಹಾಕಿ ಮುಗಿಸಿದಳು. ಅಕ್ಷರಗಳು ಆರಿದವು.

ಗಾಜು ಬಹಳ ಹೊತ್ತು ಖಾಲಿಯಿತ್ತು. ಆಮೇಲೆ ಅವ್ವ ಹೇಳಿಕೊಡದ ಒಂದು ಸಾಲು ಹತ್ತಿಕೊಂಡಿತು:

ನೂರು ಎಳೆತಕ್ಕೆ ಎಷ್ಟು ಕಾಗೆ ಬೇಕು? ನೀವು ಹೇಳಿದಷ್ಟು ಕೊಡುತ್ತೇನೆ.

ಕೀಲಿಯವಳು ಮನಸ್ಸಿನಲ್ಲೇ ಓದಿದಳು. ಮತ್ತೆ ಓದಿದಳು. ಬಾಗಿಲ ಒಳಗೆ ಸೊನ್ನೆಯಿಂದ ಒಂಬತ್ತರ ತನಕ ಅಂಕಿಗಳ ಸಣ್ಣ ಗುಂಡಿಗಳಿದ್ದವು. ‘ಏಳು’ ಅನ್ನುವ ಗುಂಡಿಯ ಮೇಲೆ ಮಾತ್ರ ಹಳೆಯ ಬೆರಳಚ್ಚು ಒಣಗಿತ್ತು.  ಅವಳು ಅದನ್ನೇ ನೋಡುತ್ತಾ ನಿಂತಳು.

ಬಿಲ್ಲೆಗಳ ಸದ್ದು ನಿಂತು ಬಹಳ ಹೊತ್ತಾದದ್ದು ಯಜಮಾನನಿಗೆ ತಿಳಿಯಿತು. ಅವನು ಕತ್ತು ತಿರುಗಿಸಲಿಲ್ಲ. ತುಟಿಯ ಕೊನೆಯಲ್ಲಿ, ಅವಳಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಅಂದ: "ಏಳು ಒತ್ತು."

ಅವಳ ಅನುಮಾನಕ್ಕೆ ಮನೆ ಸಿಕ್ಕಿತು.

"ಅದು ಏನು ಕೇಳುತ್ತಿದೆ ಅಂತ ನಾನು ಹೇಳಲೇ ಇಲ್ಲವಲ್ಲ, ಯಜಮಾನ್ರೆ," ಅಂದಳು. ಮೆಲ್ಲಗಲ್ಲ, ಇಡೀ ಚೌಕಕ್ಕೆ ಕೇಳುವಂತೆ. "ಇಷ್ಟು ಕಾಗೆ ಕೊಡು ಅಂತ ಇದಕ್ಕೆ ಹೇಳಿಕೊಟ್ಟವರು ನೀವಾ?"

"ನಾನಲ್ಲ. ನನ್ನ ಅಜ್ಜ. ಹಿಂದೊಮ್ಮೆ ಮರೆವು ಬಂದಾಗ ಅಪ್ಪ." ಯಜಮಾನನ ದನಿ ಇನ್ನೂ ಮೆತ್ತಗೇ ಇತ್ತು. "ಏಳಕ್ಕಿಂತ ಕಡಿಮೆಯಾದರೆ ಜನಕ್ಕೆ ಭಯ ಹೋಗುತ್ತೆ. ಹೆಚ್ಚಾದರೆ ಊರು ಖಾಲಿಯಾಗುತ್ತೆ. ತೂಗಿ ನೋಡಿ ಇಟ್ಟ ಲೆಕ್ಕ ಅದು. ಒತ್ತಮ್ಮಾ."

ಕೀಲಿಯವಳು ಗಾಜಿನ ಮೇಲಿದ್ದುದನ್ನೂ ಯಜಮಾನ ಹೇಳಿದ ಏಳರ ಲೆಕ್ಕವನ್ನೂ ಗಟ್ಟಿಯಾಗಿ ಊರಿಗೆ ಹೇಳಿದಳು.  ಈಗ ಇವರು ತಿರುಗುತ್ತಾರೆ, ಯಜಮಾನನ ಕೊರಳಪಟ್ಟಿ ಹಿಡಿಯುತ್ತಾರೆ, ನನ್ನ ತಂಗಿ ಎಲ್ಲಿ, ನನ್ನ ಮಗ ಎಲ್ಲಿ ಅಂತ ಕೇಳುತ್ತಾರೆ ಅಂದುಕೊಂಡಳು ಅವಳು. ಅಂದುಕೊಳ್ಳುವುದೇನೂ ತಪ್ಪಲ್ಲ.

ಮೊದಲು ಬಾಯಿ ಬಿಟ್ಟವನು ಡಂಗುರದವನು. "ಏಳು ಜಾಸ್ತಿಯಾಯ್ತು," ಅಂದ, ತಿರುಗದೆ. "ಐದು ಹಾಕು."

"ಐದು ಸಾಲದು," ಅಂದಿತು ಇನ್ನೊಂದು ಬೆನ್ನು. "ನಮ್ಮ ಬೀದಿಗೆ ಐದು ಹಾಕು, ಕೆಳಗಿನ ಬೀದಿಗೆ ಹತ್ತು ಹಾಕು."

"ಯಾಕೆ, ಕೆಳಗಿನ ಬೀದಿಯವರು ನಿಮಗೇನು ಮಾಡಿದ್ದೀವಿ?"

"ಸೊನ್ನೆ ಹಾಕು ತಾಯಿ," ಅಂತ ಮಲ್ಲಿಗೆ ಮೊಗ್ಗಿನ ಅಕ್ಕ ಅಳುದನಿಯಲ್ಲಿ ಅಂದಳು. ಅವಳ ಪಕ್ಕದ ಬೆನ್ನು ತಕ್ಷಣ, "ಇವಳಿಗ್ಯಾಕೆ ಸೊನ್ನೆ ಬೇಕಂತೆ? ಏನು ಬಚ್ಚಿಟ್ಟಿದ್ದಾಳೆ?" ಅಂದಿತು. ಆರು, ನಾಲ್ಕು, ಒಂಬತ್ತು. ಸಂತೆಯಲ್ಲಿ ಬದನೆಕಾಯಿ ಚೌಕಾಸಿ ಮಾಡುವ ಹಾಗೆ ಇಡೀ ಊರು ಬೆನ್ನು ತೋರಿಸಿಕೊಂಡೇ ಕಾಗೆ ಚೌಕಾಸಿ ಮಾಡಿತು. ಯಾರೂ ಮಾಡದ ತಪ್ಪಿಗೆ ಬೆಳಗ್ಗೆಯಿಂದ ಒಬ್ಬಳನ್ನು ಹಿಡಿದು ನಿಲ್ಲಿಸಿದ್ದರು. ಮಾಡಿದವನು ಪಕ್ಕದಲ್ಲೇ ನಿಂತು ಒಪ್ಪಿಕೊಂಡರೆ, ಅವನೊಂದಿಗೆ ಬೆಲೆ ಕುದುರಿಸುತ್ತಿದ್ದರು.

ಕೀಲಿಯವಳಿಗೆ ಈಗ ಸಿಟ್ಟು ಬಂತು. ಇಷ್ಟು ವರ್ಷ ಬಾರದೆ ಉಳಿದದ್ದೆಲ್ಲ ಒಟ್ಟಿಗೆ ಬಂತು. ಅವಳು ಯಾವ ಅಂಕಿಯನ್ನೂ ಒತ್ತಲಿಲ್ಲ. ಗುಂಡಿಯ ಮೇಲಿದ್ದ ಹೆಬ್ಬೆರಳು ತೆಗೆದಳು. ಬಾಗಿಲ ಕೀಲುಗಳಿಂದ ಎರಡು ಮೊಳೆಗಳನ್ನು ಎಳೆದು ತೆಗೆದಳು. ಬಾಗಿಲು ಬಿಡಿಸಿಕೊಂಡು ಅವಳ ಕೈಗೆ ಬಂತು. ಗಾಜಿನಲ್ಲಿ ಬೆಳಗಿನ ಸಾಲೇ ಮತ್ತೆ ಹತ್ತಿಕೊಂಡಿತು: ಬಾಗಿಲು ತೆರೆದಿದೆ.

"ಏನದು ಸದ್ದು?" ಅಂದ ಯಜಮಾನ.

"ಬಾಗಿಲು ತೆಗೆದೆ. ಬಾಗಿಲು ತೆರೆದಿರುವ ತನಕ ಚಕ್ರ ತಿರುಗೋದಿಲ್ಲ."

"ಮುಚ್ಚು." ಮೊದಲ ಸಲ ಅವನ ದನಿ ಏರಿತು. "ಮುಚ್ಚು ಅಂದೆ."

"ತಿರುಗಿ ನೀವೇ ಮುಚ್ಚಿ, ಯಜಮಾನ್ರೆ."

ಅವನು ಹೇಗೆ ತಿರುಗಿಯಾನು? ಬಾಗಿಲು ತೆರೆದಿರುವಾಗ ತಿರುಗಿದವನು ಹಿಡಿಕೆ ಎಳೆಯಬೇಕು. ಅವನ ಸುತ್ತ ಇಡೀ ಊರು ಕಿವಿ ನಿಮಿರಿಸಿಕೊಂಡು ನಿಂತಿತ್ತು, ಯಾರು ತಿರುಗುತ್ತಾರೆ ಅಂತ.

ಅವಳು ಕಬ್ಬಿಣದ ಬಾಗಿಲನ್ನು ಬೆನ್ನಿಗೆ ಹೊತ್ತುಕೊಂಡಳು. ಭಾರವಿತ್ತು. ಕಟ್ಟೆ ಇಳಿದು, ಬೆನ್ನುಗಳ ನಡುವೆ ದಾರಿ ಮಾಡಿಕೊಂಡು ದಿಡ್ಡಿಯ ಕಡೆ ನಡೆದಳು. ಯಾರೂ ಅವಳನ್ನು ಕಳಿಸಿರಲಿಲ್ಲ. ಕಾಗೆ ಬಂದಿರಲಿಲ್ಲ. ದಿಡ್ಡಿಯ ಹೊಸಿಲ ಮೇಲೆ ನಿಂತು, ತಾನು ಎಷ್ಟೋ ಕಾಲದ ಹಿಂದೆ ಕೇಳಿಸಿಕೊಂಡಿದ್ದ ಮಾತನ್ನೇ ಕೂಗಿದಳು: "ದೊಡ್ಡಮ್ಮಾ, ಒಂದ್ಸಲ ತಿರುಗಿ ನೋಡು."

ಊರು ಅಲುಗಾಡಲಿಲ್ಲ. ಬಾಗಿಲು ಮುಚ್ಚಿತು ಅಂತ ಯಾರಾದರೂ ಕೂಗಲಿ ಅಂತ ಅವರು ಇವತ್ತಿಗೂ ಹಾಗೇ ನಿಂತಿದ್ದಾರೆ ಅಂತ ಕೇಳಿದ್ದೇನೆ. ಕಾಲು ನೋಯುತ್ತಿರಬಹುದು.

ಆದರೆ ಗುಂಪಿನ ಅಂಚಿನಲ್ಲಿ ಒಂದು ಬೆನ್ನು ತಿರುಗಿತು. ಕುಂಬಾರಗಿತ್ತಿಯ ಕೆನ್ನೆಯ ಮೇಲಿನ ಮಣ್ಣು ಕಣ್ಣೀರಿಗೆ ನೆನೆದು ಕೆಸರಾಗಿತ್ತು.

"ನಾನು ಅವತ್ತೂ ತಿರುಗಿದ್ದೆ ಕಣೇ," ಅಂದಳು. "ನಿನ್ನ ತಲೆ ಹಿಡಿದುಕೊಂಡೇ ತಿರುಗಿ ನೋಡಿಬಿಟ್ಟೆ. ಯಾರಾದರೂ ಕಂಡಿರಬಹುದು ಅಂತ ಇವತ್ತಿನ ತನಕ ಹೆದರಿ ಸತ್ತೆ. ಆ ಹೆದರಿಕೆಗೇ ಬೆಳಗ್ಗೆ ನಿನ್ನ ಮೇಲೆ ಹೇಳಿದೆ." ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ನಿಮ್ಮವ್ವ ಬಹಳ ಹೊತ್ತು ನಿನ್ನನ್ನೇ ನೋಡುತ್ತಾ ನಿಂತಿದ್ದಳು. ಆಮೇಲೆ ದಿಡ್ಡಿ ದಾಟಿ ಎಡಗಡೆಗೆ ಹೋದಳು."

ಕೀಲಿಯವಳು ಸೆರಗಿನ ಗಂಟನ್ನು ಒಮ್ಮೆ ಮುಟ್ಟಿ ನೋಡಿಕೊಂಡಳು. ದಿಡ್ಡಿ ದಾಟಿದಳು. ಎಡಗಡೆಗೆ ತಿರುಗಿದಳು.